ಬಲರೇಖೆಗಳನ್ನು ಮಕ್ಕಳೇ ಲೆಕ್ಕ ಹಾಕಿ ಎಳೆಯಲಿ

ಮಾನ್ಯ ಸಂಪಾದಕರೇ,

ಬಸವನ ಬಾಗೇವಾಡಿಯ ಪದವಿಪೂರ್ವ ಕಾಲೇಜೊಂದರಲ್ಲಿ ನಾನು 23 ವರ್ಷಗಳಿಂದ ಭೌತಶಾಸ್ತ್ರ ಕಲಿಸುತ್ತಿದ್ದೇನೆ. ದ್ವಿತೀಯ ಪಿಯುಸಿಯ ಮೊದಲ ಪಾಠವೇ ವಿದ್ಯುದಾವೇಶ (ಚಾರ್ಜು) ಮತ್ತು ವಿದ್ಯುತ್ ಕ್ಷೇತ್ರ. ಪ್ರತಿ ಜೂನ್‌ನಲ್ಲಿ ಹಲಗೆಯ ಮೇಲೆ ಎರಡು ಚುಕ್ಕಿ ಇಡುತ್ತೇನೆ. ಒಂದು ಪ್ಲಸ್ ಚಾರ್ಜು, ಇನ್ನೊಂದು ಮೈನಸ್ ಚಾರ್ಜು. ಒಂದರಿಂದ ಇನ್ನೊಂದಕ್ಕೆ ಬಿಲ್ಲಿನಂತೆ ಬಾಗಿದ ಏಳೆಂಟು ಗೆರೆ ಎಳೆದು ಬಾಣದ ಗುರುತು ಹಾಕುತ್ತೇನೆ. ಆಯಾ ಜಾಗದಲ್ಲಿ ವಿದ್ಯುತ್ ಬಲ ಯಾವ ಕಡೆಗಿದೆ ಎಂದು ತೋರಿಸುವ ಈ ಗೆರೆಗಳೇ ಬಲರೇಖೆಗಳು. ಮಕ್ಕಳು ಅದನ್ನು ಹಾಗೆಯೇ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಾರೆ. ಪರೀಕ್ಷೆಯಲ್ಲಿ ಕೇಳಿದರೆ ಹಾಗೆಯೇ ಎಳೆಯುತ್ತಾರೆ, ಅಂಕವೂ ಬೀಳುತ್ತದೆ. ಆ ಗೆರೆ ಅಲ್ಲಿಯೇ ಯಾಕೆ ಬಾಗಿತು, ಒಂದು ಬೆರಳು ಮೇಲಿನಿಂದ ಯಾಕೆ ಬರಲಿಲ್ಲ ಎಂದು ಅಷ್ಟು ವರ್ಷಗಳಲ್ಲಿ ಯಾರೂ ನನ್ನನ್ನು ಕೇಳಿರಲಿಲ್ಲ.

ಕಳೆದ ವರ್ಷ ಒಬ್ಬಳು ಕೇಳಿದಳು. ಕೂಡಗಿ ಕಡೆಯ ಹಳ್ಳಿಯಿಂದ ದಿನಾಲು ಬಸ್ಸಿಗೆ ಬರುತ್ತಿದ್ದ ಹುಡುಗಿ. ಮನೆಯಲ್ಲಿ ಬಿಳಿಜೋಳ, ಕಡಲೆ, ತೊಗರಿ ಬೆಳೆಯುತ್ತಾರೆ. ಪಾಠ ಮುಗಿದು ಎಲ್ಲರೂ ಎದ್ದ ಮೇಲೆ ಹಲಗೆಯ ಹತ್ತಿರ ಬಂದು ನಿಂತಳು. “ಮೇಡಮ್, ಈ ಗೆರಿ ಇಷ್ಟ ಯಾಕ ಬಾಗೇತ್ರಿ? ಇನ್ನೊಂದೀಟು ಮ್ಯಾಲಿಂದ ಬಂದ್ರ ತಪ್ಪೇನ್ರಿ?”

ಇದಕ್ಕೆ ಬಾಯಿಮಾತಿನಲ್ಲಿ ಉತ್ತರವಿಲ್ಲ. ಲೆಕ್ಕ ಹಾಕಿಯೇ ತೋರಿಸಬೇಕು, ಕೈಲೆಕ್ಕದಲ್ಲಿ ಒಂದು ಗೆರೆಗೆ ಒಂದು ಇಡೀ ಸಂಜೆ ಬೇಕು. ಆಗ ನನಗೆ ಮನೆಯ ಕಪಾಟಿನಲ್ಲಿ ಒಂದೂವರೆ ವರ್ಷದಿಂದ ಬಿದ್ದಿದ್ದ ಕ್ಯಾಲ್ಕುಲೇಟರ್ ನೆನಪಾಯಿತು. ನನ್ನ ತಮ್ಮನ ಮಗಳು ಅಮೆರಿಕದಲ್ಲಿ ಹೈಸ್ಕೂಲು ಮುಗಿಸಿ ದೀಪಾವಳಿಗೆ ಊರಿಗೆ ಬಂದಾಗ, “ಅತ್ತೆ, ನಿಮ್ಮ ಕಾಲೇಜಿಗೆ ಬೇಕಾದೀತು” ಎಂದು ಕೈಗಿಟ್ಟು ಹೋಗಿದ್ದಳು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಐ-84 ಪ್ಲಸ್. ನಮ್ಮ ಅಂಗಡಿಗಳಲ್ಲಿ ಸಿಗುವ ಸೈಂಟಿಫಿಕ್ ಕ್ಯಾಲ್ಕುಲೇಟರಿಗಿಂತ ಇದು ಬೇರೆ. ಇದರಲ್ಲಿ ಗ್ರಾಫ್ ಬರೆಯಬಹುದು, ನಾವೇ ಪ್ರೋಗ್ರಾಂ ಬರೆದು ಓಡಿಸಬಹುದು. ಇಂಥ ಗ್ರಾಫಿಂಗ್ ಕ್ಯಾಲ್ಕುಲೇಟರನ್ನು ಮೊದಲು ಮಾರಾಟಕ್ಕೆ ತಂದದ್ದು ಕ್ಯಾಸಿಯೋ, 1985ರಲ್ಲಿ. ಟಿಐ-84 ಪ್ಲಸ್ ಬಂದದ್ದು 2004ರಲ್ಲಿ. ಅಲ್ಲಿಯ ಮಕ್ಕಳು ಕಾಲೇಜು ಪ್ರವೇಶದ ಎಸ್‌ಎಟಿ ಪರೀಕ್ಷೆಗೇ ಇದನ್ನು ಒಯ್ಯುತ್ತಾರೆ. ನಮ್ಮ ಮಕ್ಕಳು ಬರೆಯುವ ನೀಟ್‌ಗೂ ಜೆಇಇಗೂ ಯಾವ ಕ್ಯಾಲ್ಕುಲೇಟರೂ ಒಳಗೆ ಹೋಗುವಂತಿಲ್ಲ. ಹಾಗಾಗಿ ಇಂಥದೊಂದು ವಸ್ತು ಇದೆ ಎಂಬುದೇ ನಮ್ಮ ಮಕ್ಕಳಿಗೆ ಗೊತ್ತಾಗುವುದಿಲ್ಲ.

ರಿಮೋಟಿಗೆ ಹಾಕುವ ಸಣ್ಣ ಸೆಲ್ಲು ನಾಲ್ಕು ತಂದು ಹಾಕಿದೆ. ಪರದೆ ಹೊತ್ತಿಕೊಂಡಿತು. ಅಡ್ಡಕ್ಕೆ 96, ಉದ್ದಕ್ಕೆ 64 ಚುಕ್ಕಿ, ಅಷ್ಟೇ ಪರದೆ. ಬಣ್ಣವಿಲ್ಲ. ನಮ್ಮ ಕೆಲಸಕ್ಕೆ ಸಿಗುವ ಸ್ಮರಣೆ 24 ಕಿಲೋಬೈಟ್, ಮೊಬೈಲಿನಲ್ಲಿ ತೆಗೆದ ಒಂದು ಫೋಟೊ ಕೂಡ ಅದರಲ್ಲಿ ಹಿಡಿಸುವುದಿಲ್ಲ. ಆದರೆ ಎರಡು ಚಾರ್ಜುಗಳ ನಡುವಿನ ಜಾಗವನ್ನು ತೋರಿಸಲು ಅಷ್ಟು ಸಾಕು. ಶನಿವಾರ ಮಧ್ಯಾಹ್ನ ಅವಳನ್ನೂ ಅವಳ ಇಬ್ಬರು ಗೆಳತಿಯರನ್ನೂ ಲ್ಯಾಬಿನಲ್ಲಿ ಕೂರಿಸಿಕೊಂಡು ಶುರು ಮಾಡಿದೆ.

ಕೆಲಸದ ತಿರುಳು ಇಷ್ಟೇ. ಕೂಲಂಬ್ 1785ರಲ್ಲಿ ತಿರುಚು ತಕ್ಕಡಿಯಿಂದ ಅಳೆದು ಹೇಳಿದ ನಿಯಮದಂತೆ, ಒಂದು ಚಾರ್ಜು ತನ್ನ ಸುತ್ತ ಬೀರುವ ಬಲ ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ. ಎರಡು ಚಾರ್ಜಿದ್ದರೆ ಎರಡರ ನೂಕನ್ನೂ ದಿಕ್ಕು ಸಮೇತ ಕೂಡಬೇಕು. ಗೆರೆ ಎಳೆಯುವುದೆಂದರೆ ಗೊತ್ತಿಲ್ಲದ ಊರಿನಲ್ಲಿ ದಾರಿ ಕೇಳುತ್ತ ಹೋದ ಹಾಗೆ. ಪ್ಲಸ್ ಚಾರ್ಜಿನ ಬಗಲಲ್ಲಿ ನಿಲ್ಲು. ಇಲ್ಲಿ ಕ್ಷೇತ್ರ, ಅಂದರೆ ಕೂಡಿದ ನೂಕು, ಯಾವ ಕಡೆ ತೋರಿಸುತ್ತಿದೆ ಎಂದು ಲೆಕ್ಕ ಹಾಕು. ಆ ಕಡೆ ಒಂದು ಸಣ್ಣ ಹೆಜ್ಜೆ ಇಡು. ಅಲ್ಲಿ ನಿಂತು ಮತ್ತೆ ಕೇಳು, ಮತ್ತೆ ಒಂದು ಹೆಜ್ಜೆ ಇಡು. ಮೈನಸ್ ಚಾರ್ಜು ಸಿಗುವ ತನಕ, ಇಲ್ಲವೇ ಪರದೆಯ ಅಂಚು ದಾಟುವ ತನಕ ಇದನ್ನೇ ಮಾಡುತ್ತ ಹೋಗು. ಇಟ್ಟ ಹೆಜ್ಜೆಗಳ ಸಾಲೇ ಬಲರೇಖೆ.

ಈ ಯಂತ್ರದಲ್ಲಿ ಲೆಕ್ಕದ ಅಂಕಿಗಳನ್ನು ಇಟ್ಟುಕೊಳ್ಳಲು ಇಂಗ್ಲಿಷಿನ 26 ಅಕ್ಷರ ಮತ್ತು ಥೀಟಾ, ಒಟ್ಟು 27 ಹೆಸರು ಮಾತ್ರ ಇವೆ. ಚಾರ್ಜುಗಳನ್ನೂ ಅವುಗಳ ಜಾಗವನ್ನೂ ಪಟ್ಟಿಗಳಿಗೆ ಹಾಕಿ ಅಕ್ಷರ ಉಳಿಸಿಕೊಂಡೆವು. ಯಾವ ಅಕ್ಷರದಲ್ಲಿ ಏನಿದೆ ಎಂಬುದನ್ನು ಹುಡುಗಿ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಕನ್ನಡದಲ್ಲಿ ಬರೆದಿಟ್ಟಳು. ‘ಎಚ್: ಹೆಜ್ಜಿ. ಯು: ಅಡ್ಡ ನೂಕು. ವಿ: ಉದ್ದ ನೂಕು. ಆರ್: ದೂರ.’ ಆ ಹಾಳೆ ಇವತ್ತಿಗೂ ಲ್ಯಾಬಿನ ಗೋಡೆಯ ಮೇಲಿದೆ.

ಮೊದಲ ದಿನ ಚಿತ್ರ ಬರಲಿಲ್ಲ. ಚಾರ್ಜಿನ ಸುತ್ತ 45 ಡಿಗ್ರಿಗೊಂದರಂತೆ ಎಂಟು ಕಡೆಯಿಂದ ಗೆರೆ ಹೊರಡಬೇಕಿತ್ತು. ಯಂತ್ರ ಕೋನ ಅಳೆಯುವ ಇನ್ನೊಂದು ಮಾನವಾದ ರೇಡಿಯನ್ ಲೆಕ್ಕದಲ್ಲಿತ್ತು, 45 ಎಂದರೆ 45 ರೇಡಿಯನ್ ಎಂದೇ ತಿಳಿಯಿತು. ಗೆರೆಗಳು ಅಡ್ಡಾದಿಡ್ಡಿ ಕಡೆಗಳಿಂದ ಹೊರಟವು. ಅದನ್ನು ಸರಿಮಾಡಿದರೆ ಚಾರ್ಜಿನ ಸುತ್ತ ಹಾಕಿದ ವೃತ್ತ ಮೊಟ್ಟೆಯಂತೆ ಅಡ್ಡಕ್ಕೆ ಹಿಗ್ಗಿತ್ತು, ಏಕೆಂದರೆ ಪರದೆ ಚೌಕವಲ್ಲ. ಅಡ್ಡಕ್ಕೆ ಮೈನಸ್ 4.7ರಿಂದ 4.7, ಉದ್ದಕ್ಕೆ ಮೈನಸ್ 3.1ರಿಂದ 3.1 ಎಂದು ಗಡಿ ಇಟ್ಟರೆ ಒಂದು ಚುಕ್ಕಿ ಎಂದರೆ ಸರಿಯಾಗಿ 0.1 ಆಗುತ್ತದೆ, ವೃತ್ತ ವೃತ್ತದಂತೆಯೇ ಕಾಣುತ್ತದೆ. ಡಿಗ್ರಿ ಮತ್ತು ರೇಡಿಯನ್ ನಡುವಿನ ವ್ಯತ್ಯಾಸವನ್ನು ನಾನು ಪ್ರಥಮ ಪಿಯುಸಿಯಲ್ಲಿ ಎಷ್ಟು ಸಲ ಹೇಳಿದ್ದೆನೋ. ಆ ಮೂವರಿಗೆ ಅದು ಅರ್ಥವಾದದ್ದು ಆ ಶನಿವಾರ.

ಮುಂದಿನ ಶನಿವಾರ ಚಿತ್ರ ಬಂತು. ಒಂದೊಂದೇ ಚುಕ್ಕಿ ಮುಂದೆ ಸರಿಯುತ್ತ, ತಿರುಗುತ್ತ, ಮೈನಸ್ ಕಡೆಗೆ ಇಳಿದು ಮುಟ್ಟುತ್ತಿದ್ದುದನ್ನು ಮೂವರೂ ತಲೆಗೆ ತಲೆ ಹಚ್ಚಿ ನೋಡಿದರು. ಎಂಟು ಗೆರೆ ಮುಗಿಯಲು ನಾಲ್ಕು ನಿಮಿಷದ ಹತ್ತಿರ ಹಿಡಿಯಿತು. ಆ ನಿಧಾನ ನನಗೆ ಹಿಡಿಸಿತು. ಗೆರೆ ಎಲ್ಲಿ ತಿರುಗೀತು ಎಂದು ಊಹೆ ಮಾಡಲು ಮಕ್ಕಳಿಗೆ ಸಮಯ ಸಿಗುತ್ತದೆ. “ಇಲ್ಲಿಂದ ಹೊಳ್ಳತೈತಿ ನೋಡ”, “ಇಲ್ಲ, ಇನ್ನೂ ಮುಂದ ಹೋಗತೈತಿ” ಎಂದು ಅವರವರಲ್ಲೇ ವಾದ ನಡೆಯಿತು.

ಚಿತ್ರ ಪುಸ್ತಕದಂತೆಯೇ ಇತ್ತು. ಅಲ್ಲಿಗೇ ಬಿಟ್ಟಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ.

ಚಿತ್ರ ಚೆಂದವಿದೆ ಎಂದ ಮಾತ್ರಕ್ಕೆ ಲೆಕ್ಕ ಸರಿಯಿದೆ ಎನ್ನುವಂತಿಲ್ಲ, ಉತ್ತರ ಮೊದಲೇ ಗೊತ್ತಿರುವ ಒಂದು ಪ್ರಶ್ನೆಯನ್ನು ಯಂತ್ರಕ್ಕೆ ಕೇಳಬೇಕು ಎಂದು ಹೇಳಿದೆ. ಮೈನಸ್ 3ರಲ್ಲಿ ಪ್ಲಸ್ 4 ಚಾರ್ಜು, ಸೊನ್ನೆಯಲ್ಲಿ ಮೈನಸ್ 1 ಚಾರ್ಜು. ಎರಡರ ನಡುವೆ ಮೂರು ಮಾನ ದೂರ. ಬಲಗಡೆಗೆ ಎಲ್ಲೋ ಒಂದು ಕಡೆ ದೊಡ್ಡದರ ನೂಕು, ಸಣ್ಣದರ ಎಳೆತ ಎರಡೂ ಸಮವಾಗಿ ಕ್ಷೇತ್ರ ಸೊನ್ನೆಯಾಗುತ್ತದೆ. ಪಿಯುಸಿ ಮಕ್ಕಳೆಲ್ಲ ಮಾಡುವ ನಲ್ ಪಾಯಿಂಟ್ ಲೆಕ್ಕ ಇದು. ಹುಡುಗಿ ಎರಡು ಸಾಲಿನಲ್ಲಿ ಮಾಡಿದಳು. ಪ್ಲಸ್ 3ರ ಹತ್ತಿರ ನಿಂತರೆ ದೊಡ್ಡ ಚಾರ್ಜು 6 ಮಾನ ದೂರ, ಸಣ್ಣದು 3 ಮಾನ ದೂರ. ದೂರದ ವರ್ಗದಿಂದ, ಅಂದರೆ 4ನ್ನು 36ರಿಂದ, 1ನ್ನು 9ರಿಂದ ಭಾಗಿಸಿದರೆ ಎರಡೂ ಒಂದೇ. ಹಾಗಾದರೆ ಪ್ಲಸ್ 3ರಲ್ಲಿ ಸೊನ್ನೆ ಬರಬೇಕು.

ಯಂತ್ರಕ್ಕೆ ಕೇಳಿದೆವು. ಪರದೆಯ ಮೇಲೆ .3333333333 ಎಂದು ಬಂತು.

ಅವಳ ಮುಖ ಸಪ್ಪಗಾಯಿತು. ಹದಿನೈದು ದಿನ ಕೂತು ಬರೆದದ್ದು. ಯಂತ್ರ ಕೆಟ್ಟಿದೆಯೇನೋ ಎಂದು ಒಬ್ಬ ಗೆಳತಿ ಅಂದಳು. ಯಂತ್ರ ಕೆಟ್ಟಿರಲಿಲ್ಲ. ಬೇರೆ ಬೇರೆ ಜಾಗದಲ್ಲಿ ಕೇಳುತ್ತ ಹೋದಾಗ ಪ್ಲಸ್ 1ರಲ್ಲಿ ಸರಿಯಾಗಿ ಸೊನ್ನೆ ತೋರಿಸಿತು. ಮೂರರಲ್ಲಿ ಬರಬೇಕಾದದ್ದು ಒಂದರಲ್ಲಿ ಬಂದಿದೆ. ತಪ್ಪು ಎಲ್ಲಿದೆ ಎಂದು ನನಗೆ ಆಗಲೇ ಹೊಳೆದಿತ್ತು, ಆದರೆ ಹೇಳಲಿಲ್ಲ. ನೋಟ್‌ಬುಕ್ ಮನೆಗೆ ಒಯ್ಯಲು ಹೇಳಿದೆ.

ಸೋಮವಾರ ಪ್ರಾರ್ಥನೆಗೂ ಮೊದಲೇ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. “ಮೇಡಮ್, ಆರ್ ಕ್ಯಾಪ್ ಬಿಟ್ಟೇನ್ರಿ.”

ಭೌತಶಾಸ್ತ್ರ ಓದಿದವರಿಗೆ ಈ ಆರ್ ಕ್ಯಾಪ್ ಗೊತ್ತು. ಸೂತ್ರದಲ್ಲಿ ಆರ್ ಅಕ್ಷರದ ತಲೆಯ ಮೇಲೆ ಒಂದು ಟೋಪಿ ಇರುತ್ತದೆ. ದಿಕ್ಕನ್ನಷ್ಟೇ ಹೇಳುವ, ಒಂದು ಮಾನ ಉದ್ದದ ಸದಿಶ (ದಿಕ್ಕೂ ಪ್ರಮಾಣವೂ ಇರುವ ರಾಶಿ) ಅದು. ಮಕ್ಕಳು ಟೋಪಿಯನ್ನು ಮರೆಯದೆ ಹಾಕುತ್ತಾರೆ, ಮರೆತರೆ ಅರ್ಧ ಅಂಕ ಹೋಗುತ್ತದೆ. ಆದರೆ ಆ ಟೋಪಿ ಏನು ಕೆಲಸ ಮಾಡುತ್ತಿದೆ ಎಂದು ಗೊತ್ತಾಗಬೇಕಾದರೆ ಅಂಕಿ ಹಾಕಿಯೇ ನೋಡಬೇಕು. ಅಡ್ಡ ಅಂತರವನ್ನು ದೂರದಿಂದ ಭಾಗಿಸಿದರೆ ದಿಕ್ಕು ಸಿಗುತ್ತದೆ. ಬಲದ ಪ್ರಮಾಣಕ್ಕೆ ದೂರದ ವರ್ಗದಿಂದ ಭಾಗಿಸಬೇಕು. ಎರಡೂ ಸೇರಿದರೆ ದೂರದ ಘನದಿಂದ ಭಾಗಿಸಿದಂತಾಗುತ್ತದೆ. ಅವಳು ಅಡ್ಡ ಅಂತರವನ್ನು ವರ್ಗದಿಂದ ಮಾತ್ರ ಭಾಗಿಸಿದ್ದಳು. ಸೂತ್ರದಲ್ಲಿ ಕಣ್ಣಿಗೆ ಕಾಣುವುದು ವರ್ಗವೇ ಅಲ್ಲವೇ. ಟೋಪಿಯ ಕೆಳಗೆ ಇನ್ನೊಂದು ಆರ್ ಅಡಗಿ ಕುಳಿತಿದೆ. 2 ಅಳಿಸಿ 3 ಬರೆದಳು. ಪ್ಲಸ್ 3ರಲ್ಲಿ ಸೊನ್ನೆ ಬಂತು. ಆ ಹುಡುಗಿ ಇನ್ನು ಜನ್ಮದಲ್ಲಿ ಸದಿಶದ ದಿಕ್ಕನ್ನೂ ಪ್ರಮಾಣವನ್ನೂ ಒಂದಕ್ಕೊಂದು ಬೆರೆಸುವುದಿಲ್ಲ. ಇಪ್ಪತ್ತೆರಡು ವರ್ಷ ನಾನು ಹಲಗೆಯ ಮೇಲೆ ಬರೆದು ಹೇಳಿದ್ದು ಮಾಡದ ಕೆಲಸವನ್ನು ಒಂದು ತಪ್ಪು ಅಂಕಿ ಮಾಡಿತು.

ಇನ್ನೊಂದು ತೊಂದರೆ ಉಳಿದಿತ್ತು. ಸಮ ಪ್ಲಸ್, ಸಮ ಮೈನಸ್ ಇಟ್ಟಾಗ ಎಡಗಡೆ ಯಾವ ಕೋನದಲ್ಲಿ ಗೆರೆ ಹೊರಡುತ್ತದೆಯೋ ಬಲಗಡೆ ಅದೇ ಕೋನದಲ್ಲಿ ಬಂದು ಮುಟ್ಟಬೇಕು. ಕನ್ನಡಿಯಲ್ಲಿ ಕಂಡಂತೆ ಇರಬೇಕು. ನಮ್ಮ ಗೆರೆಗಳು ತಿರುವಿನಲ್ಲಿ ಹೊರಕ್ಕೆ ಜಾರಿ, ಆಚೆ ಕಡೆ ಬೇರೆ ಕೋನದಲ್ಲಿ ಮುಟ್ಟುತ್ತಿದ್ದವು. ಹೆಜ್ಜೆ ಸಣ್ಣದು ಮಾಡಿದರೆ ಗೆರೆ ಸುಧಾರಿಸುತ್ತದೆ, ಆದರೆ ಕಾಯುವ ಹೊತ್ತು ವಿಪರೀತ ಬೆಳೆಯುತ್ತದೆ. ಈ ವಿಷಯ ಅವಳು ಮನೆಯಲ್ಲಿ ಹೇಳಿದಾಗ ಅವಳ ತಂದೆ ಅಂದರಂತೆ: “ಕೂರಿಗಿ ಹಿಡದಾಗ ಕಾಲಾಗ ನೋಡಿದ್ರ ಸಾಲು ಸೊಟ್ಟ ಆಗತೈತಿ. ಮುಂದ ನೋಡಿ ಹೊಡಿಬೇಕ.” ಅವರು ಬಿತ್ತನೆಯ ಮಾತು ಆಡಿದರು. ಲೆಕ್ಕದಲ್ಲೂ ಇರುವ ಉಪಾಯ ಅದೇ. ನಿಂತಲ್ಲಿಯ ದಿಕ್ಕನ್ನೇ ನಂಬಿ ಇಡೀ ಹೆಜ್ಜೆ ಇಡಬಾರದು. ಮೊದಲು ಅರ್ಧ ಹೆಜ್ಜೆ ಹೋಗಿ ಅಲ್ಲಿ ದಿಕ್ಕು ಎತ್ತ ಇದೆ ನೋಡಬೇಕು, ಹಿಂದಿರುಗಿ ಆ ದಿಕ್ಕಿನಲ್ಲಿ ಪೂರ್ತಿ ಹೆಜ್ಜೆ ಇಡಬೇಕು. ಐದು ಸಾಲು ಹೆಚ್ಚಿಗೆ ಬರೆದೆವು. ಎರಡೂ ಕಡೆಯ ಕೋನ ಕೂಡಿಕೊಂಡವು. ಗೆರೆ ಇಷ್ಟೇ ಯಾಕೆ ಬಾಗಿದೆ ಎಂಬ ಅವಳ ಮೊದಲ ಪ್ರಶ್ನೆಗೆ ಉತ್ತರ ಅಲ್ಲಿತ್ತು. ಒಂದು ಬೆರಳು ಮೇಲೆ ಬೇರೊಂದು ಗೆರೆ ಇದೆ, ಅದು ಬೇರೆ ಕೋನದಲ್ಲಿ ಹೊರಟದ್ದು. ಹೊರಟ ಕೋನ ಗೊತ್ತಾದರೆ ದಾರಿ ಪೂರ್ತಿ ಗೊತ್ತಾಗುತ್ತದೆ.

ಇನ್ನು ಆ 2ರ ತಪ್ಪಿನ ವಿಷಯಕ್ಕೆ ಬರುತ್ತೇನೆ. ಅದು ನನ್ನ ತಲೆಯಿಂದ ಹೋಗಲಿಲ್ಲ. ತಪ್ಪು ಲೆಕ್ಕದಲ್ಲೂ ಅಷ್ಟು ಒಪ್ಪವಾದ ಗೆರೆಗಳು ಬಂದದ್ದು ಹೇಗೆ? ಮೂರರ ಬದಲು ಸರಿಯಾಗಿ ಒಂದರಲ್ಲಿ ಸೊನ್ನೆ ಬಂದದ್ದು ಯಾಕೆ? ಒಂದು ರಾತ್ರಿ ರೊಟ್ಟಿ ಬಡಿಯುತ್ತಿದ್ದಾಗ ಹೊಳೆಯಿತು. ಅಂತರವನ್ನು ದೂರದ ವರ್ಗದಿಂದ ಭಾಗಿಸಿದರೆ, ಬಲ ದೂರದ ವರ್ಗಕ್ಕಲ್ಲ, ಬರೀ ದೂರಕ್ಕೆ ತಕ್ಕಂತೆ ಕುಗ್ಗುತ್ತದೆ. ಹಾಗೆ ಕುಗ್ಗುವ ಕ್ಷೇತ್ರ ನಿಜವಾಗಿಯೂ ಇದೆ. ಅದೇ ಪಾಠದ ಕೊನೆಯಲ್ಲಿ ಗೌಸ್ ನಿಯಮದಿಂದ ಕಂಡುಹಿಡಿಯುವ ಉದ್ದ ತಂತಿಯ ಕ್ಷೇತ್ರ ಅದು. ಹುಡುಗಿ ಗೊತ್ತಿಲ್ಲದೆ ಬರೆದಿದ್ದು ಎರಡು ಚುಕ್ಕಿಗಳ ಚಿತ್ರವಲ್ಲ, ಎರಡು ಉದ್ದ ತಂತಿಗಳನ್ನು ಅಡ್ಡ ಕೊಯ್ದು ನೋಡಿದ ಚಿತ್ರ. ಅದರಲ್ಲಿ ಸೊನ್ನೆ ಒಂದರಲ್ಲೇ ಬರಬೇಕು, ಬರೀ ದೂರದಿಂದ 4ನ್ನು 4ರಿಂದ, 1ನ್ನು 1ರಿಂದ ಭಾಗಿಸಿದರೆ ಎರಡೂ ಒಂದೇ.

ಮರುದಿನ ಇದನ್ನು ಹೇಳಿದಾಗ ಅವಳು ಕೇಳಿದ್ದು: “ಅಂದ್ರ ನಮ್ಮ ಹೊಲದಾಗಿನ ಲೈನಿಂದೂ ಮಾಡಬಹುದೇನ್ರಿ?”

ಅವರ ಹೊಲದ ಮೇಲೆ ದೊಡ್ಡ ವಿದ್ಯುತ್ ಮಾರ್ಗ ಹಾದುಹೋಗಿದೆ. ಕೂಡಗಿಯಲ್ಲಿ ತಲಾ 800 ಮೆಗಾವಾಟ್‌ನ ಮೂರು ಘಟಕ ಸೇರಿ 2400 ಮೆಗಾವಾಟ್‌ನ ಉಷ್ಣ ವಿದ್ಯುತ್ ಸ್ಥಾವರ ಇರುವುದು ಓದುಗರಿಗೆ ಗೊತ್ತು. ಆ ಭಾಗದ ಹೊಲಗಳಲ್ಲಿ ಎತ್ತ ನೋಡಿದರೂ ಟವರುಗಳು. ತುಂತುರು ಮಳೆ ಬಿದ್ದಾಗ ತಂತಿ ಜೇನುಗೂಡಿನಂತೆ ಗುಂಯ್‌ಗುಡುತ್ತದೆ. ಚಿಕ್ಕಂದಿನಿಂದ ಆ ಸದ್ದು ಕೇಳುತ್ತ ಬೆಳೆದವಳು ಅವಳು. ಒಂದೊಂದು ಕಡೆ ಒಂದೇ ತಂತಿ ಇರದೆ ಎರಡೋ ನಾಲ್ಕೋ ತಂತಿಗಳನ್ನು ಮೊಳದಷ್ಟು ಅಂತರದಲ್ಲಿ ಜೋಡಿಸಿ ಕಟ್ಟಿರುತ್ತಾರೆ. ಯಾಕೆ ಎಂದು ಅವಳೂ ಕೇಳಿರಲಿಲ್ಲ, ಅವಳ ಊರವರೂ ಕೇಳಿರಲಿಲ್ಲ.

3 ಅಳಿಸಿ ಮತ್ತೆ 2 ಹಾಕಿದೆವು, ಈ ಸಲ ತಿಳಿದುಕೊಂಡೇ. ಮೊದಲು ಒಂದೇ ತಂತಿ, ಅದರ ಚಾರ್ಜು 1. ನಡುವಿನಿಂದ 0.1 ದೂರದಲ್ಲಿ, ಅಂದರೆ ತಂತಿಯ ಮೈಮೇಲೆ, ಕ್ಷೇತ್ರ 10 ಬಂತು. ಆಮೇಲೆ ಅದೇ ಚಾರ್ಜನ್ನು ನಾಲ್ಕು ಪಾಲು ಮಾಡಿ, ಒಂದು ಮಾನ ಬದಿಯ ಚೌಕದ ನಾಲ್ಕು ಮೂಲೆಗೆ ಕಾಲು ಕಾಲು ಇಟ್ಟೆವು. ಒಂದು ತಂತಿಯ ಹೊರಮೈಯಲ್ಲಿ ಕ್ಷೇತ್ರ ಎಷ್ಟು ಎಂದು ಕೇಳಿದರೆ 3ರ ಆಸುಪಾಸು. ಹತ್ತು ಇದ್ದದ್ದು ಮೂರಕ್ಕೆ ಇಳಿಯಿತು. ದೂರದಿಂದ ನೋಡಿದರೆ ಗೆರೆಗಳು ಮೊದಲಿನಂತೆಯೇ ಇದ್ದವು, ಹತ್ತಿರ ಮಾತ್ರ ಬದಲಾಗಿದ್ದವು. ಒಣಗಾಳಿ ಮೀಟರಿಗೆ ಸುಮಾರು 30 ಲಕ್ಷ ವೋಲ್ಟ್ ತನಕ ತಡೆಯುತ್ತದೆ. ಅದನ್ನು ಮೀರಿದರೆ ತಂತಿಯ ಮೈ ಸುತ್ತಲ ಗಾಳಿಯೇ ಒಡೆದು ವಿದ್ಯುತ್ ಸೋರುತ್ತದೆ. ಕರೋನಾ ಎಂದು ಕರೆಯುವುದು ಇದನ್ನೇ, ಗುಂಯ್‌ಗುಡುವ ಸದ್ದು ಅದರದೇ. ಮಳೆಹನಿಗಳು ತಂತಿಗೆ ಜೋತು ಬಿದ್ದಾಗ ಅವುಗಳ ಚೂಪು ತುದಿಯಲ್ಲಿ ಕ್ಷೇತ್ರ ಇನ್ನೂ ಹೆಚ್ಚುವುದರಿಂದ ಸದ್ದು ಜೋರಾಗುತ್ತದೆ. ತಂತಿಗಳನ್ನು ಗುಂಪಾಗಿ ಕಟ್ಟುವುದು ಈ ಸೋರಿಕೆ ತಗ್ಗಿಸಲು. ನಮ್ಮ ಲೆಕ್ಕಕ್ಕೂ ನಿಜವಾದ ಮಾರ್ಗಕ್ಕೂ ವ್ಯತ್ಯಾಸವಿದೆ ಎಂಬುದನ್ನು ಮಕ್ಕಳಿಗೆ ಬಿಡಿಸಿ ಹೇಳಿದೆ. ಅಲ್ಲಿ ಮೂರು ಫೇಸುಗಳಿವೆ, ಸೆಕೆಂಡಿಗೆ 50 ಸಲ ಎಲ್ಲವೂ ಹಿಂದುಮುಂದಾಗುತ್ತದೆ, ನಮ್ಮದು ಒಂದು ಕ್ಷಣದ ಚಿತ್ರ. ವೋಲ್ಟೇಜ್ ಅಷ್ಟೇ ಇಟ್ಟರೆ ಗುಂಪು ತಂತಿ ಹಿಡಿಯುವ ಚಾರ್ಜು ಸ್ವಲ್ಪ ಹೆಚ್ಚಾಗುತ್ತದೆ, ಹಾಗಾಗಿ ಇಳಿತ ಇಷ್ಟು ದೊಡ್ಡದಿರುವುದಿಲ್ಲ. ಆದರೂ ಇಳಿಯುವುದು ನಿಜ. ಹದಿನೇಳು ವರ್ಷದ ಹುಡುಗಿ ತನ್ನ ಹೊಲದ ಮೇಲಿನ ತಂತಿಯ ಸದ್ದಿಗೆ ಕಾರಣವನ್ನು ತಾನೇ ಬರೆದ ಪ್ರೋಗ್ರಾಮಿನಿಂದ ಕಂಡುಕೊಂಡಳು. ನನ್ನ ನೌಕರಿಯಲ್ಲಿ ಅಂಥ ಇನ್ನೊಂದು ದಿನ ನನಗೆ ನೆನಪಿಲ್ಲ.

ಸಿಡಿಲಿನ ಕಡೆಗೂ ಸ್ವಲ್ಪ ಹೋದೆವು. ನಮ್ಮ ಜಿಲ್ಲೆಯಲ್ಲಿ ಏಪ್ರಿಲ್, ಮೇ ಬಂತೆಂದರೆ ಗುಡುಗಿನ ಮಳೆ, ಮರದ ಕೆಳಗೆ ನಿಂತ ಕುರಿಗಾಹಿಯ ಸುದ್ದಿ, ಹೊಲದಲ್ಲಿದ್ದ ಹೆಣ್ಣುಮಕ್ಕಳ ಸುದ್ದಿ. ಮೋಡದ ತಳದಲ್ಲಿ ಸಾಮಾನ್ಯವಾಗಿ ಮೈನಸ್ ಚಾರ್ಜು ಇರುತ್ತದೆ. ಪರದೆಯ ಮೇಲ್ಭಾಗದಲ್ಲಿ ಮೈನಸ್, ಕನ್ನಡಿಯ ಬಿಂಬದಂತೆ ಕೆಳಭಾಗದಲ್ಲಿ ಅಷ್ಟೇ ಪ್ಲಸ್ ಇಟ್ಟರೆ ನಡುವಿನ ಅಡ್ಡಗೆರೆಯೇ ನೆಲ. ಗೆರೆಗಳೆಲ್ಲ ನೆಲಕ್ಕೆ ನೆಟ್ಟಗೆ ಲಂಬವಾಗಿ ತಾಗುತ್ತವೆ. ಒಂಟಿ ಬೇವಿನ ಮರವನ್ನು ಅದರಲ್ಲಿ ನಿಲ್ಲಿಸಲು ಇನ್ನೂ ತುಂಬ ಚಾರ್ಜುಗಳ ಲೆಕ್ಕ ಬೇಕು, ಅದು ಆ ಯಂತ್ರದ ಶಕ್ತಿಗೆ ಮೀರಿದ್ದು, ಬಿಟ್ಟೆವು. ಆದರೆ ಎತ್ತರದ, ಚೂಪಾದ ವಸ್ತುವಿನ ತುದಿಗೆ ಗೆರೆಗಳು ಒತ್ತರಿಸಿಕೊಂಡು ಬರುತ್ತವೆ ಎಂಬುದನ್ನು ತಂತಿಯ ಚಿತ್ರದಲ್ಲಿ ನೋಡಿದ ಮಕ್ಕಳಿಗೆ ಮತ್ತೆ ವಿವರಿಸಬೇಕಾಗಲಿಲ್ಲ. ಗುಡುಗು ಕೇಳಿದ ಕೂಡಲೇ ಪಕ್ಕಾ ಮನೆಯೊಳಗೆ ಹೋಗಬೇಕು, ಒಂಟಿ ಮರದ ಆಸರೆ ಬೇಡ, ಬಟಾಬಯಲಿನಲ್ಲಿ ಸಿಕ್ಕಿಬಿದ್ದರೆ ಎರಡೂ ಪಾದ ಜೋಡಿಸಿ ಕುಕ್ಕರುಗಾಲಲ್ಲಿ ಕೂರಬೇಕು. ಪಾದಗಳ ನಡುವೆ ಅಂತರ ಇದ್ದರೆ, ಹತ್ತಿರದಲ್ಲಿ ಸಿಡಿಲು ಬಿದ್ದಾಗ ನೆಲದಲ್ಲಿ ಹರಡುವ ವಿದ್ಯುತ್ತು ಒಂದು ಕಾಲಿನಿಂದ ಹತ್ತಿ ಇನ್ನೊಂದರಿಂದ ಇಳಿಯುತ್ತದೆ. ಆ ಮೂವರೂ ಇದನ್ನು ತಮ್ಮ ತಮ್ಮ ಊರಿನಲ್ಲಿ ಹೇಳಿದ್ದಾರೆ.

ಈಗ ನನ್ನ ನೋವಿನ ಮಾತು. ಪಾಲಕರ ಸಭೆಯಲ್ಲಿ ಇದು ಚರ್ಚೆಗೆ ಬಂತು. ಒಬ್ಬರು ಎದ್ದು, “ಇದು ಸಿಇಟಿಯಾಗ ಎಷ್ಟ ಮಾರ್ಕ್ಸಿಗೆ ಬರತೈತ್ರಿ?” ಎಂದು ಕೇಳಿದರು. ಕೇಳಿದ್ದರಲ್ಲಿ ತಪ್ಪಿಲ್ಲ. ಒಂದು ರ‍್ಯಾಂಕಿಗೆ ಮನೆಯ ಭವಿಷ್ಯವನ್ನೇ ಪಣಕ್ಕಿಟ್ಟವರು ಅವರು. ಆದರೆ ಅದಾದ ಮೇಲೆ ಶನಿವಾರ ಮಧ್ಯಾಹ್ನದ ಹೊತ್ತನ್ನು ಪ್ರವೇಶ ಪರೀಕ್ಷೆಯ ತರಬೇತಿಗೆ ಕೊಡಬೇಕೆಂದು ತೀರ್ಮಾನವಾಯಿತು. ಪಕ್ಕದ ಕೋಣೆಯಲ್ಲಿ ಕಂಪ್ಯೂಟರುಗಳಿದ್ದವು, ಬೀಗ ಹಾಕಿತ್ತು. ಮೇಲಿನವರು ತಪಾಸಣೆಗೆ ಬರುವ ದಿನ ಧೂಳು ಒರೆಸಿ ತೆರೆಯುತ್ತಿದ್ದರು, ಮರುದಿನ ಮತ್ತೆ ಬೀಗ. ಕೀಲಿ ಕೇಳಿದರೆ, ಏನಾದರೂ ಕೆಟ್ಟರೆ ಯಾರು ಹೊಣೆ ಎಂಬ ಮಾತು. ನಾನು ಹೊಣೆ ಎಂದು ಬರೆದುಕೊಟ್ಟರೂ ಕೀಲಿ ಸಿಗಲು ನಾಲ್ಕು ತಿಂಗಳು ಹಿಡಿಯಿತು. ನಾಲ್ಕು ತಿಂಗಳಲ್ಲಿ ದ್ವಿತೀಯ ಪಿಯುಸಿ ಮಕ್ಕಳಿಗೆ ವರ್ಷವೇ ಮುಗಿದುಹೋಗುತ್ತದೆ.

ಅಂತರ್ಜಾಲದಲ್ಲಿ ಸಿದ್ಧ ಸಿಮ್ಯುಲೇಶನ್‌ಗಳು ಪುಕ್ಕಟೆ ಸಿಗುತ್ತವೆಯಲ್ಲ, ಅವನ್ನು ತೋರಿಸಿದರೆ ಸಾಲದೇ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ತಾಣದಲ್ಲಿ ಚಾರ್ಜುಗಳನ್ನು ಬೆರಳಿನಿಂದ ಎಳೆದಾಡಿ ಕ್ಷೇತ್ರ ನೋಡುವ ಒಳ್ಳೆಯ ಸಿಮ್ಯುಲೇಶನ್ ಇದೆ. ನಾನೂ ತರಗತಿಯಲ್ಲಿ ತೋರಿಸುತ್ತೇನೆ. ಆದರೆ ಅದರಲ್ಲಿ ಮಕ್ಕಳು ತಪ್ಪು ಮಾಡುವಂತಿಲ್ಲ. ವರ್ಗವೋ ಘನವೋ ಎಂದು ಅದು ಯಾರನ್ನೂ ಕೇಳುವುದಿಲ್ಲ. ನಮ್ಮ ಹುಡುಗಿಗೆ .3333333333 ಬಂದಂತೆ ಅಲ್ಲಿ ಬರುವುದಿಲ್ಲ. ಬಾರದಿದ್ದರೆ ಆರ್ ಕ್ಯಾಪ್ ಟೋಪಿಯಾಗಿಯೇ ಉಳಿಯುತ್ತದೆ, ತಂತಿಯ ತನಕ ಯಾರೂ ಹೋಗುವುದಿಲ್ಲ. ಬಲರೇಖೆ ಎಂಬ ಕಲ್ಪನೆಯನ್ನೇ ನಮಗೆ ಕೊಟ್ಟ ಫ್ಯಾರಡೆ ಕಮ್ಮಾರನ ಮಗ, ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ ಕಲಿತವರು, ಗಣಿತದ ಓದು ಅವರಿಗೆ ಸಿಕ್ಕಿರಲಿಲ್ಲ. ಕಬ್ಬಿಣದ ಪುಡಿ ಚೆಲ್ಲಿ ಕಣ್ಣಾರೆ ನೋಡಿ ಆ ಗೆರೆಗಳನ್ನು ನಂಬಿದರು. ಅವಕ್ಕೆ ಗಣಿತದ ರೂಪ ಕೊಟ್ಟದ್ದು ಆಮೇಲೆ ಮ್ಯಾಕ್ಸ್‌ವೆಲ್. ನೋಡುವುದು, ಲೆಕ್ಕ ಹಾಕುವುದು, ಎರಡೂ ಒಂದೇ ಮಧ್ಯಾಹ್ನ ಒಂದೇ ಮಗುವಿನ ಕೈಯಲ್ಲಿ ನಡೆಯಬಹುದಾದ ಕಾಲ ಇದು.

ನೂರು ಡಾಲರಿನ ಮೇಲೆ ಬೀಳುವ ಈ ಕ್ಯಾಲ್ಕುಲೇಟರನ್ನು ಎಲ್ಲ ಕಾಲೇಜಿಗೂ ಕೊಳ್ಳಿ ಎಂದು ನಾನು ಕೇಳುತ್ತಿಲ್ಲ. ಬೀಗ ಹಾಕಿದ ಕೋಣೆಗಳಲ್ಲಿರುವ ಹಳೆಯ ಕಂಪ್ಯೂಟರುಗಳೇ ಇದಕ್ಕಿಂತ ಸಾವಿರಾರು ಪಟ್ಟು ಬಲವಾದವು. ಪ್ರೋಗ್ರಾಂ ಬರೆಯುವ ಪೈಥಾನ್ ಭಾಷೆ ಪುಕ್ಕಟೆ ಸಿಗುತ್ತದೆ. ಕಂಪ್ಯೂಟರ್ ಇಲ್ಲದ ಕಡೆ ಮಕ್ಕಳ ಮೊಬೈಲಿನಲ್ಲೂ ಬರೆಯಬಹುದು. ಪದವಿಪೂರ್ವ ಶಿಕ್ಷಣ ಇಲಾಖೆಯವರಲ್ಲಿ ನನ್ನ ಬೇಡಿಕೆ, ಭೌತಶಾಸ್ತ್ರದ ಲ್ಯಾಬ್ ರೆಕಾರ್ಡಿನಲ್ಲಿ ಒಂದೇ ಒಂದು ಚಟುವಟಿಕೆಗೆ ಜಾಗ ಕೊಡಿ. ಎರಡು ಚಾರ್ಜುಗಳ ಬಲರೇಖೆಯನ್ನು ವಿದ್ಯಾರ್ಥಿಯೇ ಲೆಕ್ಕ ಬರೆದು ಎಳೆಯಲಿ, ನಲ್ ಪಾಯಿಂಟಿನಿಂದ ಅದನ್ನು ಪರೀಕ್ಷಿಸಲಿ, ತಪ್ಪಿದ್ದರೆ ಎಲ್ಲಿ ತಪ್ಪಿದೆ ಎಂದು ಒಂದು ಪುಟ ಬರೆಯಲಿ. ಅಂಕ ಆ ಪುಟಕ್ಕೆ ಇರಲಿ. ರೆಕಾರ್ಡಿನಲ್ಲಿ ಇದೆ ಎಂದಾದರೆ ಕೀಲಿ ತಾನಾಗಿ ಸಿಗುತ್ತದೆ, ಪಾಲಕರೂ ಒಪ್ಪುತ್ತಾರೆ. ಉಪನ್ಯಾಸಕರಿಗೆ ಎರಡು ದಿನದ ತರಬೇತಿ ಕೊಟ್ಟರೆ ಸಾಕು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರ ಇರುವುದು ಪಕ್ಕದ ಬೆಳಗಾವಿಯಲ್ಲೇ, ನಮ್ಮ ಸುತ್ತಲಿನ ಜಿಲ್ಲೆಗಳಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಅಲ್ಲಿಯ ಅಧ್ಯಾಪಕರು ಬಂದು ನಮಗೆ ಕಲಿಸಬಹುದು. ಅವರ ತರಗತಿಗೆ ನಾಳೆ ಬಂದು ಕೂರುವ ಮಕ್ಕಳು ನಮ್ಮವರೇ.

ಆ ಹುಡುಗಿ ಈಗ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಮೊದಲ ವರ್ಷದಲ್ಲಿದ್ದಾಳೆ. ಕ್ಯಾಲ್ಕುಲೇಟರ್ ನಮ್ಮ ಲ್ಯಾಬಿನ ಕಪಾಟಿನಲ್ಲಿದೆ, ಈ ವರ್ಷದ ನಾಲ್ವರು ಮಕ್ಕಳು ತರಬೇತಿ ಮುಗಿದ ಮೇಲೆ ಸಂಜೆ ಐದರಿಂದ ಕೂರುತ್ತಿದ್ದಾರೆ. ಮೂರು ಫೇಸಿನ ತಂತಿಗಳ ಚಿತ್ರ ಅವರ ಕೈಯಲ್ಲಿ ಇನ್ನೂ ಅರ್ಧಕ್ಕೆ ನಿಂತಿದೆ. ನಮ್ಮ ಪ್ರೋಗ್ರಾಂ ಒಟ್ಟು 43 ಸಾಲು. ಬೇಕೆಂದು ಯಾವ ಕಾಲೇಜಿನ ಉಪನ್ಯಾಸಕರು ನಿಮ್ಮ ಪತ್ರಿಕೆಯ ಮೂಲಕ ಕೇಳಿದರೂ, ಒಂದೊಂದು ಸಾಲಿನ ಮುಂದೆ ಕನ್ನಡದಲ್ಲಿ ವಿವರಣೆ ಬರೆದು ಕಳಿಸಿಕೊಡುತ್ತೇನೆ.

ತಮ್ಮ ವಿಶ್ವಾಸಿ,
ಭೌತಶಾಸ್ತ್ರ ಉಪನ್ಯಾಸಕಿ
ಬಸವನ ಬಾಗೇವಾಡಿ, ವಿಜಯಪುರ ಜಿಲ್ಲೆ